13ನೇ ಕೀರ್ತನೆಗೆ ಮೂರು ದಾರಿ: ಪ್ರಸಂಗಕ್ಕೆ ಯಾವುದು ಒದಗಿತು?

ನಮ್ಮ ಚರ್ಚಿನ ಅಯ್ಯನವರು ಊರಲ್ಲಿ ಇಲ್ಲದ ಭಾನುವಾರ ಪ್ರಸಂಗ, ಅಂದರೆ ಆರಾಧನೆಯ ಉಪದೇಶ, ನನ್ನ ಪಾಲಿಗೆ ಬರುತ್ತದೆ. ನಾನು ಹೆಚ್ಚಾಗಿ ಬೈಬಲಿನ ಕೀರ್ತನೆಗಳನ್ನೇ ಆರಿಸಿಕೊಳ್ಳುತ್ತೇನೆ. ಅವು ಹೀಬ್ರೂ ಕವಿತೆಗಳು, ಅಲ್ವಾ? ಅವನ್ನು ಓದುವುದು ಹೇಗೆ ಅನ್ನುವುದೇ ನನ್ನ ಪ್ರಶ್ನೆಯಾಗಿತ್ತು. ಹಾಗಾಗಿ ಬರೀ ಆರು ವಚನದ 13ನೇ ಕೀರ್ತನೆಯನ್ನು ಹಿಡಿದು, ಹೀಬ್ರೂ ಪದ, ವ್ಯಾಖ್ಯಾನ, ಗಟ್ಟಿ ಓದು ಎಂಬ ಮೂರು ದಾರಿಗೂ ಒಂದೊಂದು ವಾರ ಕೊಟ್ಟೆ.

ಮೊದಲ ವಾರ ಹೀಬ್ರೂ ಪದಗಳು. ಮೊಬೈಲ್‌ನಲ್ಲಿ ಪ್ರತಿ ಪದದ ಕೆಳಗೆ ಅರ್ಥ ತೋರಿಸುವ ಆ್ಯಪ್, ಪಕ್ಕದಲ್ಲಿ ನೋಟ್‌ಬುಕ್. 'ಹೆಸೆದ್' ಎಂಬ ಒಂದೇ ಪದಕ್ಕೆ ಎರಡು ಸಂಜೆ ಹೋಯಿತು. ಕೃಪೆ, ಪ್ರೀತಿ, ಕೊಟ್ಟ ಮಾತಿಗೆ ತಪ್ಪದ ನಿಷ್ಠೆ, ಎಲ್ಲವೂ ಅದರೊಳಗಿವೆ. ನಾಲ್ಕು ಪುಟ ತುಂಬಿತು. ಪ್ರಸಂಗ ಬರೆಯಲು ಕೂತರೆ ಪದಕೋಶ ಓದಿದ ಹಾಗಾಯಿತು. ಕೀರ್ತನೆಯ ಅಳು ಎಲ್ಲೋ ಕಳೆದುಹೋಗಿತ್ತು.

ಹಾಗಂತ ಈ ದಾರಿಯನ್ನು ತಳ್ಳಿಹಾಕಲಾರೆ. 23ನೇ ಕೀರ್ತನೆಯ ಕೊನೆಯಲ್ಲಿ ಶುಭವೂ ಕೃಪೆಯೂ 'ಹಿಂಬಾಲಿಸುವವು' ಎಂದು ಓದುತ್ತಲೇ ಬೆಳೆದವನು ನಾನು. ಅಲ್ಲಿರುವ ಹೀಬ್ರೂ ಪದ 'ರಾದಫ್', ಅಂದರೆ ಬೆನ್ನಟ್ಟು. ಫರೋಹನು ಇಸ್ರಾಯೇಲ್ಯರನ್ನು ಬೆನ್ನಟ್ಟಿದ, ಸೌಲನು ದಾವೀದನನ್ನು ಬೆನ್ನಟ್ಟಿದ ಅನ್ನುವಲ್ಲಿಯೂ ಇದೇ ಪದ. ಶತ್ರು ಅಟ್ಟಿಸಿಕೊಂಡು ಬಂದ ಹಾಗೆ ದೇವರ ಕೃಪೆ ಅಟ್ಟಿಸಿಕೊಂಡು ಬರುತ್ತದೆ! ಇದು ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ಇಂಥ ಪದ ಪ್ರತಿ ಕೀರ್ತನೆಯಲ್ಲೂ ಸಿಗುವುದಿಲ್ಲ.

ಎರಡನೇ ವಾರ ವ್ಯಾಖ್ಯಾನ ಪುಸ್ತಕಗಳು. ಹೀಬ್ರೂ ಕಾವ್ಯದ ಸಾಲುಗಳು ಹೆಚ್ಚಾಗಿ ಜೋಡಿಯಾಗಿ ಬರುತ್ತವೆ. ಈ ಜೋಡಿ ಸಾಲಿನ ಗುಟ್ಟನ್ನು ಇಂಗ್ಲೆಂಡಿನ ವಿದ್ವಾಂಸ ರಾಬರ್ಟ್ ಲೌತ್ 1753ರಲ್ಲೇ ವಿವರಿಸಿದ್ದರು. ಮೊದಲ ಸಾಲಿನ ಮಾತನ್ನು ಎರಡನೆಯದು ಬೇರೆ ಪದಗಳಲ್ಲಿ ಹೇಳುತ್ತದೆ, ಇಲ್ಲವೇ ಅದಕ್ಕೆ ಎದುರು ನಿಲ್ಲುತ್ತದೆ, ಇಲ್ಲವೇ ಮುಂದಕ್ಕೆ ಒಯ್ಯುತ್ತದೆ. ಅದಕ್ಕೇ ಈ ಕಾವ್ಯ ಕನ್ನಡಕ್ಕೆ ಬಂದರೂ ಕಾವ್ಯವಾಗಿಯೇ ಉಳಿಯುತ್ತದೆ. ಜರ್ಮನ್ ಬೈಬಲ್ ವಿದ್ವಾಂಸ ಹರ್ಮನ್ ಗುಂಕೆಲ್ ಕೀರ್ತನೆಗಳನ್ನು ಸ್ತುತಿ, ಪ್ರಲಾಪ, ಕೃತಜ್ಞತೆ ಎಂದು ಬಗೆಬಗೆಯಾಗಿ ವಿಂಗಡಿಸಿದರು. 13ನೆಯದು ಪ್ರಲಾಪ: ದೂರು, ಬೇಡಿಕೆ, ಭರವಸೆ. ಪ್ರಸಂಗಕ್ಕೆ ಮೂರು ಭಾಗ ತಾನಾಗಿಯೇ ಸಿಕ್ಕಿತು. ಕಡಿಮೆ ಸಮಯದಲ್ಲಿ ಜಾಸ್ತಿ ಕೊಟ್ಟದ್ದು ಇದೇ. ತೊಂದರೆ ಏನೆಂದರೆ, ಕೊನೆಗೆ ಭರವಸೆ ಇದೆ ಅಂತ ಮೊದಲೇ ಗೊತ್ತಿರುವಾಗ ದೂರನ್ನು ಬೇಗ ದಾಟಿಬಿಡುತ್ತೇವೆ.

ಮೂರನೇ ವಾರ ಕನ್ನಡ ಸತ್ಯವೇದ (ಬೈಬಲ್) ಮಾತ್ರ. ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ, ಗಟ್ಟಿಯಾಗಿ ಓದಿದೆ. 'ಇನ್ನೆಷ್ಟು ಕಾಲ' ಅನ್ನುವ ಪ್ರಶ್ನೆ ನಾಲ್ಕು ಸಲ ಬರುತ್ತದೆ ಅಂತ ಪುಸ್ತಕದಲ್ಲಿ ಓದಿದ್ದೆ. ನಾಲ್ಕನೇ ಸಲಕ್ಕೆ ಉಸಿರು ಸಾಲದು ಅನ್ನುವುದು ಬಾಯಿಬಿಟ್ಟು ಓದಿದಾಗಲೇ ಗೊತ್ತಾಗಿದ್ದು. ಆಮೇಲೆ ಬರುತ್ತದೆ 'ನಾನಾದರೋ'. ಹೀಬ್ರೂವಿನ 'ವಅನೀ'ಗೆ ಇದಕ್ಕಿಂತ ಒಳ್ಳೆ ಮಾತು ಕನ್ನಡದಲ್ಲಿ ಇಲ್ಲ. ಕಷ್ಟ ತೀರಿತು ಅಂತ ಕೀರ್ತನೆ ಹೇಳುವುದಿಲ್ಲ. ಶತ್ರು ಹೋದ ಅಂತಲೂ ಇಲ್ಲ. ಅದೇ ಜಾಗದಲ್ಲಿ ನಿಂತು, ಅದೊಂದು ಪದ ಹೇಳಿ, ಕೀರ್ತನೆಗಾರ ದೇವರ ಕಡೆಗೆ ತಿರುಗುತ್ತಾನೆ.

ನನ್ನ ಆಯ್ಕೆ ಗಟ್ಟಿಯಾಗಿ ಓದುವುದೇ. ವಾರದ ಮೊದಲ ಮೂರು ದಿನ ಅದಕ್ಕೇ. ವ್ಯಾಖ್ಯಾನ ಆಮೇಲೆ. ಹೀಬ್ರೂ ಆ್ಯಪ್ ತೆರೆಯುವುದು, ಓದುವಾಗ ಮನಸ್ಸು ಎಡವಿದ ಒಂದೆರಡು ಪದಗಳಿಗೆ ಮಾತ್ರ.

88ನೇ ಕೀರ್ತನೆಗೆ ಬಂದಾಗ ಮಾತ್ರ ಇದೂ ಸಾಲಲಿಲ್ಲ. ಅದೂ ಪ್ರಲಾಪವೇ, ಆದರೆ 'ನಾನಾದರೋ' ಎಂದು ಭರವಸೆಗೆ ತಿರುಗುವುದೇ ಇಲ್ಲ. ಹೀಬ್ರೂವಿನಲ್ಲಿ ಅದರ ಕೊನೆಯ ಪದವೇ ಕತ್ತಲೆ. ಅದಕ್ಕೆ ನನ್ನ ಕಡೆಯಿಂದ ಸಮಾಧಾನ ಸೇರಿಸಲು ಮನಸ್ಸು ಒಪ್ಪಲಿಲ್ಲ. ಶುಭ ಶುಕ್ರವಾರದ ಆರಾಧನೆಯಲ್ಲಿ ನಿಧಾನವಾಗಿ ಓದಿದೆ. ಒಂದು ನಿಮಿಷ ಸುಮ್ನೆ ನಿಂತೆ. ಕೂತೆ. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಅಜ್ಜಿಯೊಬ್ಬರು ಹತ್ತಿರ ಬಂದು, "ಅದು ಎಷ್ಟನೇ ಕೀರ್ತನೆ ಮಗಾ? ಮನೇಲಿ ಓದ್ಬೇಕು" ಅಂದರು.