ಕಕ್ಕಸು ಗುಂಡಿಯ ಸುತ್ತಲಿನ ಮಣ್ಣು: ಸ್ಟ್ರಿಪ್, ಕೃಷಿಭವನದ ಕಾರ್ಡು, ಲ್ಯಾಬು – ಯಾವುದು ಯಾವುದಕ್ಕೆ?

ಕಾಸರಗೋಡಿನ ಮುರಕಲ್ಲ ನೆಲದಲ್ಲಿ ಕಕ್ಕಸಿನ ಇಂಗುಗುಂಡಿಯ ನೀರು ಎಲ್ಲ ಬದಿಗೂ ಒಂದೇ ಸಮ ಇಂಗುವುದಿಲ್ಲ. ಕಲ್ಲಿನ ಮಾಟೆಗಳಲ್ಲಿ (ತೂತುಗಳಲ್ಲಿ) ಇಳಿದು, ನೀರು ಸುಲಭಕ್ಕೆ ಇಳಿಯದ ಶೇಡಿ ಮಣ್ಣು ಸಿಕ್ಕಿದಲ್ಲಿ ಅದರ ಮೇಲೆ ಅಡ್ಡಕ್ಕೆ ಹರಿದು ತಗ್ಗಿನ ತೋಟಕ್ಕೋ ಬಾವಿಗೋ ಸೇರುತ್ತದೆ. ಹಾಗಾಗಿ ಸೋರಿಕೆ ಎಲ್ಲಿವರೆಗೆ ಮುಟ್ಟಿದೆ ಎಂದು ನೋಡಲು ಗುಂಡಿಯ ಬದಿಯಿಂದ ಒಂದು ಹಿಡಿ ಮಣ್ಣು ತೆಗೆದು ಪರೀಕ್ಷೆಗೆ ಕೊಟ್ಟರೆ ಏನೂ ತಿಳಿಯದು. ಕನಿಷ್ಠ ನಾಲ್ಕು ಮಾದರಿ ಬೇಕು: ಗುಂಡಿಗಿಂತ ಎತ್ತರದಲ್ಲಿ 15–20 ಮೀಟರ್ ದೂರ, ಗೊಬ್ಬರ ಬೀಳದ ಜಾಗದಿಂದ ಒಂದು, ತಗ್ಗಿನ ಬದಿಯಲ್ಲಿ 1, 3, 6 ಮೀಟರಿನಿಂದ ಮೂರು. ಮೇಲ್ಮಣ್ಣು ಬೇಡ, 60 ಸೆಂಟಿಮೀಟರಿಗಿಂತ ಕೆಳಗಿನದ್ದು ಬೇಕು. ಮನೆಯ ಕೆಳಗೆ ದರೆ (ಕಡಿದ ಮಣ್ಣಿನ ಗೋಡೆ) ಇದ್ದರೆ ಅಗೆಯುವ ಕಷ್ಟವೇ ಇಲ್ಲ. ದರೆಯ ಮುಖವನ್ನು 10 ಸೆಂಟಿಮೀಟರ್ ಕೆರೆದು ಒಳಗಿನ ಹಸಿ ಮಣ್ಣು ತೆಗೆಯಬಹುದು.

ಇದೇ ಮಣ್ಣನ್ನು ಮೂರು ದಾರಿಯಲ್ಲಿ ನೋಡಿದರೆ ಮೂರೂ ಬೇರೆ ಬೇರೆ ಪ್ರಶ್ನೆಗೆ ಉತ್ತರಿಸುತ್ತವೆ.

ಮೊದಲನೆಯದು ಮನೆಯಲ್ಲೇ ಮಾಡುವ ನೈಟ್ರೇಟ್ ಸ್ಟ್ರಿಪ್, ನೀರಿನಲ್ಲಿರುವ ನೈಟ್ರೇಟನ್ನು ಬಣ್ಣದಲ್ಲಿ ತೋರಿಸುವ ಪಟ್ಟಿ. ಅಕ್ವೇರಿಯಂ ಅಂಗಡಿಯದ್ದೂ ಆದೀತು. 20 ಗ್ರಾಂ ಹಸಿ ಮಣ್ಣು, 100 ಮಿಲಿ ಡಿಸ್ಟಿಲ್ಡ್ ವಾಟರ್, ಮುಚ್ಚಳದ ಬಾಟಲಿಯಲ್ಲಿ ಅರ್ಧ ಗಂಟೆ ಕುಲುಕಬೇಕು. ಎಲ್ಲರೂ ಎಡವುವುದು ಇದರ ನಂತರ. ನಮ್ಮ ಕೆಂಪು ಮಣ್ಣಿನ ಕದಡು ತಾಸುಗಟ್ಟಲೆ ಕೂರುವುದಿಲ್ಲ. ಅದರಲ್ಲೇ ಸ್ಟ್ರಿಪ್ ಅದ್ದಿದರೆ ಮಣ್ಣಿನ ಬಣ್ಣವೇ ಪ್ಯಾಡಿಗೆ ಹತ್ತಿ, ಗುಲಾಬಿ ಯಾವುದು ಕೆಂಪು ಯಾವುದು ಗೊತ್ತಾಗದು. ಕಾಫಿ ಫಿಲ್ಟರ್ ಕಾಗದವನ್ನು ಕೊಟ್ಟೆಯಂತೆ ಮಡಚಿ, ತುದಿ ಕೆಳಗಾಗಿ ಆ ಕೆಸರು ನೀರಿಗೇ ಇಳಿಸಿ. ಐದು ನಿಮಿಷದಲ್ಲಿ ಹೊರಗಿನಿಂದ ಒಳಕ್ಕೆ ತಿಳಿನೀರು ಒಸರಿ ಕೊಟ್ಟೆಯ ಬುಡದಲ್ಲಿ ನಿಲ್ಲುತ್ತದೆ. ಸ್ಟ್ರಿಪ್ಪನ್ನು ಅದರಲ್ಲಿ ಅದ್ದಿ, ಡಬ್ಬಿಯಲ್ಲಿ ಬರೆದಷ್ಟೇ ಸೆಕೆಂಡಿಗೆ ಬಣ್ಣ ನೋಡಿ. ತಡವಾದಷ್ಟೂ ಬಣ್ಣ ಏರುತ್ತದೆ, ಲೆಕ್ಕ ಸುಳ್ಳಾಗುತ್ತದೆ. ಬಂದ ಅಂಕೆಯನ್ನು 5ರಿಂದ ಗುಣಿಸಿದರೆ ಒಂದು ಕಿಲೋ ಮಣ್ಣಿನಲ್ಲಿರುವ ಮಿಲಿಗ್ರಾಂ ಸರಿಸುಮಾರಾಗಿ ಸಿಗುತ್ತದೆ. ಮಣ್ಣಿನ ತೇವದ ವ್ಯತ್ಯಾಸ ಇದ್ದೇ ಇರುತ್ತದೆ, ಆದರೆ ನಾಲ್ಕು ಮಾದರಿಗಳನ್ನು ಒಂದಕ್ಕೊಂದು ಹೋಲಿಸಲು ಇಷ್ಟು ಸಾಕು.

ಸ್ಟ್ರಿಪ್ಪಿನ ದೊಡ್ಡ ದೋಷ ಬೇರೆ. ಗುಂಡಿಯ ನೀರಿನಲ್ಲಿ ಸಾರಜನಕ ಹೆಚ್ಚಾಗಿ ಅಮೋನಿಯಂ ರೂಪದಲ್ಲಿರುತ್ತದೆ. ಗಾಳಿಯಾಡುವ ಮಣ್ಣಿಗೆ ಬಂದ ಮೇಲಷ್ಟೇ ಅದು ನೈಟ್ರೇಟ್ ಆಗುವುದು. ಮಳೆಗಾಲದಲ್ಲಿ ನೀರು ನಿಂತು ಮಣ್ಣು ಕಪ್ಪಾಗಿ ನಾರುತ್ತಿದ್ದರೆ ಸ್ಟ್ರಿಪ್ ಸೊನ್ನೆ ತೋರಿಸಬಹುದು, ಮಣ್ಣು ಮಾತ್ರ ಶುದ್ಧವಲ್ಲ. ಅಂಥಲ್ಲಿ ಅಮೋನಿಯಾ ನೋಡಬೇಕು. ಅಮೋನಿಯಂ ಜೇಡಿಗೆ ಅಂಟಿಕೊಳ್ಳುವುದರಿಂದ ಬರೀ ನೀರಿನಲ್ಲಿ ಪೂರ್ತಿ ಬಿಡುವುದಿಲ್ಲ. ಅದಕ್ಕೆ ಲ್ಯಾಬಿನ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣವೇ ಆಗಬೇಕು.

ಎರಡನೆಯದು, ಕೃಷಿಭವನದ (ಊರಿನ ಸರಕಾರಿ ಕೃಷಿ ಕಚೇರಿಯ) ಮೂಲಕ ಸಿಗುವ ಮಣ್ಣು ಆರೋಗ್ಯ ಕಾರ್ಡು. ತೋಟಕ್ಕೆ ಒಳ್ಳೆಯದು, ಈ ಕೆಲಸಕ್ಕೆ ಅಲ್ಲ. ಪಿಎಚ್, ಇ.ಸಿ. (ವಿದ್ಯುತ್ ವಾಹಕತೆ, ಅಂದರೆ ಕರಗಿದ ಲವಣದ ಅಂದಾಜು), ಸಾವಯವ ಇಂಗಾಲ, ರಂಜಕ, ಪೊಟ್ಯಾಷ್, ಸತು, ತಾಮ್ರ ಮುಂತಾದವು ಬರುತ್ತವೆ. ಗುಂಡಿಯ ಸೋರಿಕೆಯನ್ನು ಹಿಡಿಯುವ ನೈಟ್ರೇಟ್, ಅಮೋನಿಯಂ ಅದರಲ್ಲಿಲ್ಲ. ಇನ್ನೊಂದು ಅಪಾಯ, ಅಂಕೆಗಳನ್ನು ತಪ್ಪಾಗಿ ಓದುವುದು. ತಾಮ್ರ ಹೆಚ್ಚಿದೆ ಎಂದು ಗುಂಡಿಯನ್ನು ದೂರಬೇಡಿ. ವರ್ಷ ವರ್ಷ ಅಡಿಕೆಗೆ ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತು ಅದು. ಲ್ಯಾಬಿನ ವರದಿಯಲ್ಲಿ ಬರುವ ಕ್ಲೋರೈಡ್ ಕೂಡ ಹಾಗೇ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಷ್ ಶಿಫಾರಸು ಇದೆ, ಅದನ್ನು ಎಂಒಪಿ (ಪೊಟ್ಯಾಸಿಯಂ ಕ್ಲೋರೈಡ್ ಗೊಬ್ಬರ) ರೂಪದಲ್ಲಿ ಹಾಕಿದರೆ ಕ್ಲೋರೈಡೂ ಜೊತೆಗೇ ಬರುತ್ತದೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್ಡಿನಿಂದಲೂ ಬರುತ್ತದೆ. ಎತ್ತರದ ಮಾದರಿಯನ್ನು ಗೊಬ್ಬರ ಬೀಳದ ಜಾಗದಿಂದಲೇ ತೆಗೆಯಬೇಕೆಂದದ್ದು ಇದಕ್ಕೇ.

ಮೂರನೆಯದು, ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಖಾಸಗಿ ಲ್ಯಾಬು. ದುಬಾರಿ, ಆದರೆ ಕೊನೆಯ ಮಾತು ಇದರದ್ದೇ. ಮಾನ್ಯತೆಯ ಪಟ್ಟಿಯಲ್ಲಿ ನೀರಿನ ಜೊತೆ ಮಣ್ಣೂ ಇದೆಯೇ ಎಂದು ಮೊದಲು ಕೇಳಿ. ‘ಮಣ್ಣು ಪರೀಕ್ಷೆ’ ಎಂದಷ್ಟೇ ಹೇಳಿದರೆ ಮತ್ತೆ ಗೊಬ್ಬರದ ಲೆಕ್ಕವೇ ಕೈಗೆ ಬರುತ್ತದೆ. ‘ಹಸಿ ಮಣ್ಣಿನಲ್ಲಿ ನೈಟ್ರೇಟ್, ಅಮೋನಿಯಂ, ಕ್ಲೋರೈಡ್, ಇ.ಸಿ.’ ಎಂದು ಬರೆದು ಕೊಡಿ. ಮಣ್ಣನ್ನು ಒಣಗಿಸಬೇಡಿ, ಒಣಗುವಾಗ ಸಾರಜನಕದ ರೂಪ ಬದಲಾಗುತ್ತದೆ. ಅರ್ಧ ಕಿಲೋ ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸ್ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯೊಳಗೆ ತಲುಪಿಸಬೇಕು. ಗೇರು ತೋಟದ ಬದಿಯವರು, ಅಲ್ಲಿ ಹಿಂದೆ ಸಿಂಪಡಿಸಿದ ಕೀಟನಾಶಕ ಎಂಡೋಸಲ್ಫಾನ್‌ನ ಭಯದಿಂದ ಕೇಳುವುದುಂಟು. ಆ ಭಯ ನ್ಯಾಯವಾದದ್ದು, ಆದರೆ ಅದರ ಪರೀಕ್ಷೆಯೇ ಬೇರೆ. ಆಲ್ಫಾ ಎಂಡೋಸಲ್ಫಾನ್, ಬೀಟಾ ಎಂಡೋಸಲ್ಫಾನ್, ಎಂಡೋಸಲ್ಫಾನ್ ಸಲ್ಫೇಟ್ ಮೂರನ್ನೂ ಹೆಸರು ಹೇಳಿ ಕೇಳಬೇಕು. ಅದಕ್ಕೂ ಗುಂಡಿಗೂ ಸಂಬಂಧವಿಲ್ಲ.

ಹಾಗಾಗಿ ನಮ್ಮ ಆಯ್ಕೆ ಇದು: ನಾಲ್ಕನ್ನೂ ಸ್ಟ್ರಿಪ್ಪಿನಲ್ಲಿ ನೋಡಿ, ಎತ್ತರದ್ದು ಮತ್ತು ಅತಿ ಹೆಚ್ಚು ಬಂದದ್ದು, ಎರಡನ್ನೇ ಲ್ಯಾಬಿಗೆ ಕಳಿಸುವುದು. ಮಣ್ಣು ಕಪ್ಪಾಗಿ ನಾರುವ ಜಾಗ ಇದ್ದರೆ ಸ್ಟ್ರಿಪ್ ಏನೇ ಹೇಳಲಿ, ಅದೂ ಹೋಗಲಿ. ಕಾಲ, ಏಪ್ರಿಲ್–ಮೇ, ತೋಟಕ್ಕೆ ಗೊಬ್ಬರ ಹಾಕುವ ಮೊದಲು.

ಬಾವಿಯ ನೀರನ್ನು ಮಾತ್ರ ಜೂನಿನ ಮೊದಲ ಜೋರು ಮಳೆಗಳ ನಂತರ ತೆಗೆಯಿರಿ. ಬೇಸಿಗೆಯಲ್ಲಿ ಮಣ್ಣಿನಲ್ಲಿ ಕೂಡಿದ ನೈಟ್ರೇಟ್ ಆಗ ಕೊಚ್ಚಿಕೊಂಡು ಬರುತ್ತದೆ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್. ಕೆಲವು ಸ್ಟ್ರಿಪ್ ಮತ್ತು ವರದಿಗಳು ‘ನೈಟ್ರೇಟ್ ನೈಟ್ರೋಜನ್’ ಎಂದು ಕೊಡುತ್ತವೆ. ಅದರಲ್ಲಿ 10 ಬಂದರೆ ಇಲ್ಲಿಯ 44ಕ್ಕೆ ಸಮ. ಜೊತೆಗೆ ಇ-ಕೋಲಿ ಪರೀಕ್ಷೆಯನ್ನೂ ಮಾಡಿಸಿ, 100 ಮಿಲಿಯಲ್ಲಿ ಒಂದೂ ಇರಬಾರದು. ಕೇರಳದ ಕಟ್ಟಡ ನಿಯಮ ಬಾವಿಗೂ ಇಂಗುಗುಂಡಿಗೂ 7.5 ಮೀಟರ್ ಅಂತರ ಕೇಳುತ್ತದೆ, ಭಾರತೀಯ ಮಾನಕ 18 ಮೀಟರ್. ಮಾಟೆ ತುಂಬಿದ ಮುರಕಲ್ಲಿನಲ್ಲಿ 7.5 ಮೀಟರನ್ನು ನಂಬಿ ಬಾವಿಯ ಪರೀಕ್ಷೆ ಬಿಡಬೇಡಿ.