ತೆಂಕಕ್ಕೋ ಬಡಗಕ್ಕೋ: ಕಾಸರಗೋಡಿನಿಂದ ನಾಟಕ ಕಲಿಯಲು ಹೊರಟವರಿಗೆ

ಪ್ಲಸ್ ಟು ರಿಸಲ್ಟ್ ಬಂದ ಹೊತ್ತಿಗೆ ನಮ್ಮ ಕಡೆಯ ಮಕ್ಕಳು ಫೋನ್ ಮಾಡುತ್ತಾರೆ. ಬದಿಯಡ್ಕ, ಪೆರ್ಲ, ಮಂಜೇಶ್ವರ ಅಂತ ಎಲ್ಲೆಲ್ಲಿಂದಲೋ. ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಅಕ್ಕಾ, ನಾಟಕ ಕಲೀಬೇಕು. ತೆಂಕಕ್ಕೆ ಹೋಗ್ಲಾ, ಬಡಗಕ್ಕೆ ಹೋಗ್ಲಾ?" ತೆಂಕ ಅಂದರೆ ತ್ರಿಶೂರಿನ ಸ್ಕೂಲ್ ಆಫ್ ಡ್ರಾಮಾ. ಬಡಗ ಅಂದರೆ ಕರ್ನಾಟಕದ ಹೆಗ್ಗೋಡಿನ ನೀನಾಸಂ ರಂಗಶಾಲೆ. ನಾನು ಎರಡೂ ಕಡೆ ಕಲಿತವಳು. ಮೊದಲು ತ್ರಿಶೂರಿನಲ್ಲಿ ಪದವಿ, ಆಮೇಲೆ ಹೆಗ್ಗೋಡಿನಲ್ಲಿ ಡಿಪ್ಲೊಮಾ. ಅದಕ್ಕೂ ಮುಂಚೆ ಊರಿನ ದೇವಸ್ಥಾನದ ಚಾವಡಿಯಲ್ಲಿ ಯಕ್ಷಗಾನ. ಫೋನಿನಲ್ಲಿ ಅರ್ಧಂಬರ್ಧ ಹೇಳಿ ಮುಗಿಸುವ ವಿಷಯ ಇದಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ನಟಿಸಬೇಕು ಅನ್ನುವುದೇ ಆಸೆಯಾದರೆ ಹೆಗ್ಗೋಡಿಗೆ ಹೋಗಿ. ಬೆಳಕು, ರಂಗಸಜ್ಜಿಕೆ, ರಂಗನಿರ್ವಹಣೆ ಇಷ್ಟವಾದರೆ, ಜೊತೆಗೆ ಕೈಯಲ್ಲಿ ಒಂದು ಪದವಿ ಬೇಕಾದರೆ ತ್ರಿಶೂರಿಗೆ ಹೋಗಿ. ಎಲ್ಲಿಗೇ ಹೋದರೂ ಊರಿನ ಯಕ್ಷಗಾನದ ತರಗತಿ ಬಿಟ್ಟು ಹೋಗಬೇಡಿ.

ಯಕ್ಷಗಾನದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಕುಂಬಳೆ ನಮ್ಮದೇ ಜಿಲ್ಲೆಯಲ್ಲಿದೆ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಅದಕ್ಕಾಗಿಯೇ ಇಲ್ಲಿನ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಹೆಜ್ಜೆ ಕಲಿಯುತ್ತಾರೆ. ದಿಗಿಣ, ಅಂದರೆ ಹಾರಿ ಸುತ್ತುವ ಕುಣಿತ, ಹೊಡೆದು ಪಳಗಿದ ಮೈಗೆ ನಾಟಕ ಶಾಲೆಯ ಬೆಳಗಿನ ವ್ಯಾಯಾಮ ಕಷ್ಟ ಅನಿಸುವುದೇ ಇಲ್ಲ. ತಾಳ ಒಳಗೆ ಕೂತಿರುತ್ತದೆ. ಬರೆದು ಕೊಡದ ಮಾತನ್ನು ರಂಗದ ಮೇಲೆ ನಿಂತು ಕಟ್ಟುವ ಧೈರ್ಯ ಇರುತ್ತದೆ. ನಾಟಕ ಶಾಲೆಗಳಲ್ಲಿ ಆಶುವಿಸ್ತರಣೆ ಅಂತ ತಿಂಗಳುಗಟ್ಟಲೆ ಮಾಡಿಸುವುದು ಇದನ್ನೇ ಅಲ್ವಾ?

ವೇಷ ಕಟ್ಟುವ ಚೌಕಿಯಲ್ಲಿ ಕಲಿಯುವುದೂ ಸಣ್ಣದಲ್ಲ. ರಾಕ್ಷಸ ಪಾತ್ರಗಳ ಬಣ್ಣದ ವೇಷಕ್ಕೆ ಚುಟ್ಟಿ, ಅಂದರೆ ಮುಖದ ಮೇಲಿನ ಬಿಳಿ ಉಬ್ಬು ಚುಕ್ಕೆ, ಇಡುವುದನ್ನು ಹತ್ತಿರ ಕೂತು ನೋಡಿ. ಅಕ್ಕಿಹಿಟ್ಟು, ಸುಣ್ಣ ಕಲಸಿದ ಹದ ಸ್ವಲ್ಪ ನೀರಾದರೆ ಮುಖದ ಮೇಲೆ ಹರಿಯುತ್ತದೆ. ಸ್ವಲ್ಪ ಗಟ್ಟಿಯಾದರೆ ಒಣಗಿ ಉದುರುತ್ತದೆ. ಒಂದೊಂದೇ ಚುಕ್ಕೆ ಇಟ್ಟು, ಒಣಗಲು ಬಿಟ್ಟು, ಅದರ ಮೇಲೆ ಇನ್ನೊಂದು ಇಡಬೇಕು. ಗಂಟೆಗಟ್ಟಲೆಯ ಕೆಲಸ. ವೇಷಕ್ಕೆ ಕೂತವರು ಅಷ್ಟು ಹೊತ್ತು ಮುಖ ಅಲ್ಲಾಡಿಸುವ ಹಾಗಿಲ್ಲ. ಪ್ರಸಾಧನದ ಮೊದಲ ಪಾಠ ನನಗೆ ಅಲ್ಲೇ ಆಯಿತು. ಇನ್ನು ಹಾಡುವ ಭಾಗವತರು. ಆಟ ನಡೆಯುತ್ತಿರುವಾಗಲೇ ಪದ್ಯ ಎಳೆದು ಅಥವಾ ಬಿಗಿದು, ಯಾವ ವೇಷ ಎಷ್ಟು ಹೊತ್ತು ರಂಗದಲ್ಲಿರಬೇಕು ಅಂತ ತೀರ್ಮಾನಿಸುವವರು ಅವರು. ರಂಗದ ಮೇಲೆಯೇ ಕೂತಿರುವ ನಿರ್ದೇಶಕರು. ಈ ವ್ಯವಸ್ಥೆಯನ್ನು ಕಣ್ಣಾರೆ ಕಂಡವರಿಗೆ ನಿರ್ದೇಶನದ ಪಾಠ ಬೇಗ ತಲೆಗೆ ಹತ್ತುತ್ತದೆ.

ಯಕ್ಷಗಾನ ಕಲಿಸದ್ದೂ ಇದೆ. ಸುಮ್ಮನೆ ನಿಲ್ಲುವುದು. ಸಣ್ಣ ದನಿಯಲ್ಲಿ ಮಾತಾಡುವುದು. ಎದುರಿನ ಪಾತ್ರ ಮಾತಾಡುವಾಗ ನಿಜವಾಗಿ ಕೇಳಿಸಿಕೊಳ್ಳುವುದು. ಅದಕ್ಕೆ ಶಾಲೆ ಬೇಕೇ ಬೇಕು.

ಈಗ ತ್ರಿಶೂರು. ಕಲ್ಲಿಕೋಟೆ ವಿಶ್ವವಿದ್ಯಾಲಯದ ಸ್ಕೂಲ್ ಆಫ್ ಡ್ರಾಮಾ ಇರುವುದು ಅಲ್ಲಿನ ಅರಣಾಟ್ಟುಕರದಲ್ಲಿ. 1977ರಲ್ಲಿ ಶುರುವಾಯಿತು. ಮೊದಲ ನಿರ್ದೇಶಕರು ಜಿ. ಶಂಕರ ಪಿಳ್ಳೆ. 1967ರಲ್ಲಿ ಶಾಸ್ತಾಂಕೋಟೆಯಲ್ಲಿ ನಾಟಕ ಕಳರಿ ಅನ್ನುವ ತರಬೇತಿ ಶಿಬಿರ ನಡೆಸಿ ಮಲಯಾಳ ರಂಗಭೂಮಿಯ ದಿಕ್ಕು ಬದಲಿಸಿದವರಲ್ಲಿ ಅವರು ಮುಖ್ಯರು. ಸಿನಿಮಾ ನಿರ್ದೇಶಕ ಶ್ಯಾಮಪ್ರಸಾದ್ ಇಲ್ಲೇ ಅವರ ಕೈಕೆಳಗೆ ಕಲಿತವರು. ಕಾಸರಗೋಡಿನವರಿಗೆ ಇಲ್ಲಿ ಒಂದು ದೊಡ್ಡ ಅನುಕೂಲ ಇದೆ. ಅದೇ ರಾಜ್ಯ, ಅದೇ ಬೋರ್ಡಿನ ಸರ್ಟಿಫಿಕೇಟು. ಬೆಳಗ್ಗೆ ಪರಶುರಾಮ್ ಎಕ್ಸ್‌ಪ್ರೆಸ್ ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ತ್ರಿಶೂರು. ಊಟಕ್ಕೆ ಕುಚ್ಚಲಕ್ಕಿ ಅನ್ನವೇ.

ಅಲ್ಲಿ ನನ್ನನ್ನು ಹಿಡಿದಿಟ್ಟದ್ದು ಬೆಳಕು. ಅಲ್ಲಿಯವರೆಗೆ ನನಗೆ ರಂಗದ ಬೆಳಕು ಅಂದರೆ ಆಟದ ರಂಗಸ್ಥಳದ ಉರಿ ಬೆಳಕು, ಅಷ್ಟೆ. ಎಲ್ಲವೂ ಕಾಣಬೇಕು, ಚೆನ್ನಾಗಿ ಕಾಣಬೇಕು. ಅಲ್ಲಿ ಏಣಿ ಹತ್ತಿ ದೀಪ ತಿರುಗಿಸಿದ ಮೇಲೆ ಗೊತ್ತಾಯಿತು, ಏನು ಕಾಣಬಾರದು ಅನ್ನುವುದೂ ಬೆಳಕಿನ ಕೆಲಸವೇ. ಫ್ರೆನೆಲ್ ದೀಪದ ಬೆಳಕು ಅಂಚಿನಲ್ಲಿ ಮೆತ್ತಗೆ ಕರಗುತ್ತದೆ. ಎರಡು ಫ್ರೆನೆಲ್ ಬೆಳಕು ಒಂದರೊಳಗೊಂದು ಸೇರಿದರೂ ಗೆರೆ ಕಾಣುವುದಿಲ್ಲ. ಪ್ರೊಫೈಲ್ ಸ್ಪಾಟ್ ಹಾಗಲ್ಲ. ಅದರ ಅಂಚನ್ನು ಚಾಕುವಿನಲ್ಲಿ ಕೊಯ್ದ ಹಾಗೆ ಮಾಡಬಹುದು. ಒಳಗೆ ನಾಲ್ಕು ಶಟರ್ ಇರುತ್ತವೆ. ಅವನ್ನು ಒತ್ತಿ, ಒಂದು ಬಾಗಿಲಿನ ಅಗಲಕ್ಕೆ ಮಾತ್ರ ಬೆಳಕು ಬೀಳುವಂತೆ ಕತ್ತರಿಸಿಕೊಳ್ಳಬಹುದು. ನಟಿಯ ಮುಖಕ್ಕೆ ನೇರ ಎದುರಿನಿಂದ ಒಂದೇ ದೀಪ ಬಿಟ್ಟರೆ ಮೂಗು, ಕೆನ್ನೆ ಎಲ್ಲ ಚಪ್ಪಟೆ. ಎರಡೂ ಬದಿಯಿಂದ, ಸುಮಾರು 45 ಡಿಗ್ರಿ ಓರೆಯಲ್ಲಿ, ಒಂದಕ್ಕೆ ಬೆಚ್ಚಗಿನ ಬಣ್ಣದ ಜೆಲ್ ಹಾಳೆ, ಇನ್ನೊಂದಕ್ಕೆ ತಂಪು ಬಣ್ಣದ ಜೆಲ್ ಹಾಕಿ ನೋಡಿ. ಅದೇ ಮುಖಕ್ಕೆ ಜೀವ ಬರುತ್ತದೆ. ಇದನ್ನು ಓದಿ ತಿಳಿಯಲು ಆಗುವುದಿಲ್ಲ. ದೀಪ ಕೈಯಲ್ಲಿ ಹಿಡಿಯಬೇಕು, ಕೈ ಬಿಸಿಯಾಗಬೇಕು.

ಪದವಿ ತರಗತಿಯ ಶಿಸ್ತು ಇನ್ನೊಂದು ಲಾಭ. ನಾಟಕ ಕಟ್ಟುವ ಕೆಲಸ ಅಲ್ಲಿ ಕಾಗದಕ್ಕೆ ಇಳಿಯುತ್ತದೆ. ಮೊದಲು ರಂಗದ ನೆಲನಕ್ಷೆ. ಆಮೇಲೆ 1:25 ಅಳತೆಯ ಮಾದರಿ. ಅದರೊಳಗೆ ಏಳು ಸೆಂಟಿಮೀಟರಿನ ರಟ್ಟಿನ ಮನುಷ್ಯನನ್ನು ನಿಲ್ಲಿಸಿ ನೋಡಿದರೆ, ನಾವು ಕಲ್ಪಿಸಿಕೊಂಡ ಭರ್ಜರಿ ಮೆಟ್ಟಿಲು ನಟರನ್ನು ನುಂಗುತ್ತದೋ ಇಲ್ಲವೋ ಅಂತ ಅಲ್ಲೇ ಗೊತ್ತಾಗುತ್ತದೆ. ಯಾವ ಮಾತಿಗೆ ಯಾವ ದೀಪ ಏರಬೇಕು, ಎಷ್ಟು ಸೆಕೆಂಡಿನಲ್ಲಿ ಏರಬೇಕು ಅನ್ನುವುದಕ್ಕೆ ಕ್ಯೂ ಶೀಟ್. ಯಾರು ಎಲ್ಲಿಂದ ಎಲ್ಲಿಗೆ ನಡೆದರು ಅನ್ನುವುದಕ್ಕೆ ಪ್ರಾಂಪ್ಟ್ ಬುಕ್. ಇವನ್ನು ಸರಿಯಾಗಿ ಬರೆದಿಟ್ಟರೆ, ರಂಗನಿರ್ವಾಹಕರಿಗೆ ಜ್ವರ ಬಂದರೂ ಬೇರೊಬ್ಬರು ಪ್ರದರ್ಶನ ನಡೆಸಬಹುದು. ಇವತ್ತಿಗೂ ನನಗೆ ಹೊಟ್ಟೆಪಾಡು ಒದಗಿಸುತ್ತಿರುವುದು ಈ ವಿದ್ಯೆ.

ಊರೂ ಪಾಠ ಹೇಳುತ್ತದೆ. ಕೇರಳ ಸಂಗೀತ ನಾಟಕ ಅಕಾಡೆಮಿ ಇರುವುದು ತ್ರಿಶೂರಿನಲ್ಲೇ. ಅವರು 2008ರಲ್ಲಿ ಶುರು ಮಾಡಿದ ಅಂತಾರಾಷ್ಟ್ರೀಯ ನಾಟಕೋತ್ಸವಕ್ಕೆ ಹೊರದೇಶದ ತಂಡಗಳು ಬರುತ್ತವೆ. ಕಥಕಳಿ, ಕೂಡಿಯಾಟ್ಟಂ ಕಲಿಸುವ ಕಲಾಮಂಡಲಂ ಅದೇ ಜಿಲ್ಲೆಯ ಚೆರುತುರುತ್ತಿಯಲ್ಲಿ. ಕೂಡಿಯಾಟ್ಟಂ ಅಂದರೆ ಕೇರಳದ ಹಳೆಯ ಸಂಸ್ಕೃತ ನಾಟಕ ಪ್ರಕಾರ, ಒಂದು ರಾತ್ರಿಗೆ ಮುಗಿಯುವ ಆಟವಲ್ಲ. ಒಂದು ಅಂಕವನ್ನೇ ಹಲವು ದಿನ ಆಡುತ್ತಾರೆ. ಅದರ ನಟಿ, ನಂಗಿಯಾರ್ ಒಬ್ಬರು, ಮಿಳಾವು ಅನ್ನುವ ಕೊಡದಂಥ ಚರ್ಮವಾದ್ಯದ ಬಡಿತಕ್ಕೆ ಬರೀ ಕಣ್ಣು ಹೊರಳಿಸಿ ಬೆಟ್ಟವೊಂದನ್ನು ಬುಡದಿಂದ ತುದಿಯವರೆಗೆ ತೋರಿಸುವುದನ್ನು ನೋಡಿ ನಾನು ದಂಗಾಗಿದ್ದೆ. ದಿಗಿಣಕ್ಕೆ ಒಗ್ಗಿದವರಿಗೆ ಆ ನಿಧಾನವೇ ದೊಡ್ಡ ಪಾಠ.

ಹಾಗಾದರೆ ತ್ರಿಶೂರೊಂದೇ ಸಾಲದೇ? ನಟನೆಯ ಮಟ್ಟಿಗೆ ನನಗೆ ಸಾಲಲಿಲ್ಲ. ಕಾರಣ ಭಾಷೆ. ಅಲ್ಲಿ ಪಾಠ, ತಾಲೀಮು ಎಲ್ಲ ಮಲಯಾಳದಲ್ಲಿ, ಓದುವ ಪುಸ್ತಕ ಹೆಚ್ಚಿನವು ಇಂಗ್ಲಿಷಿನಲ್ಲಿ. ನಮಗೆ ಪೇಟೆಗೆ, ಬಸ್ಸಿಗೆ, ಆಫೀಸಿಗೆ ಮಲಯಾಳ ಧಾರಾಳ. ಅದೂ ಕಾಸರಗೋಡಿನ ಮಲಯಾಳ. ಆದರೆ ರಂಗದ ಮೇಲೆ ಸಿಟ್ಟು ಬಂದು ಬೈಯಬೇಕಾದಾಗ, ಅಳು ತಡೆದು ಮಾತಾಡಬೇಕಾದಾಗ ಮಾತು ತಲೆಯಲ್ಲೊಮ್ಮೆ ಹೊರಳಿ ಆಮೇಲೆ ಬಾಯಿಗೆ ಬರುತ್ತದೆ. ಆ ಅರೆಕ್ಷಣದ ತಡ ಪ್ರೇಕ್ಷಕರಿಗೆ ಕಾಣುತ್ತದೆ. ಸಹಪಾಠಿಗಳು ಪ್ರೀತಿಯಿಂದಲೇ ತಿದ್ದಿದರು. ಉಚ್ಚಾರ ಸರಿಹೋಯಿತು. ತಡ ಮಾತ್ರ ಉಳಿಯಿತು. ದೀಪಕ್ಕೆ, ಮರದ ಹಲಗೆಗೆ, ಬಟ್ಟೆಗೆ ಈ ತೊಂದರೆ ಇಲ್ಲ. ಆದ್ದರಿಂದಲೇ ರಂಗದ ಹಿಂದಿನ ಕೆಲಸ ಕಲಿಯಲು ತ್ರಿಶೂರಿಗೆ ಕಣ್ಣುಮುಚ್ಚಿ ಹೋಗಿ ಅನ್ನುತ್ತೇನೆ. ಮನೆಯಲ್ಲಿ ಮಲಯಾಳವನ್ನೇ ಆಡುವ ಮಕ್ಕಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರು ನಟನೆಗೂ ಅಲ್ಲಿಗೇ ಹೋಗಲಿ.

ಹೆಗ್ಗೋಡು ಬೇರೆಯೇ ಲೋಕ. ಸಾಗರದ ಹತ್ತಿರದ ಸಣ್ಣ ಹಳ್ಳಿ. ನಮ್ಮಲ್ಲಿಂದ ಮಂಗಳೂರು, ಉಡುಪಿ, ಕುಂದಾಪುರ ದಾಟಿ ಘಾಟಿ ಹತ್ತಬೇಕು. 1949ರಲ್ಲಿ ಊರವರ ಸಂಘವಾಗಿ ಹುಟ್ಟಿದ ನೀನಾಸಂ, ಕೆ.ವಿ. ಸುಬ್ಬಣ್ಣ ಅವರ ಮುಂದಾಳ್ತನದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. 1985ರಿಂದ ಊರೂರಿಗೆ ಹೋಗಿ ನಾಟಕ ಆಡುವ ತಿರುಗಾಟ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಂಡ್ಯ ರಮೇಶ್, ಸತೀಶ್ ನೀನಾಸಂ ಮುಂತಾದವರು ಅಲ್ಲಿಂದ ಬಂದವರು ಅಂತ ಎಲ್ಲರಿಗೂ ಗೊತ್ತು. ಕೋರ್ಸು ಹತ್ತು ತಿಂಗಳದ್ದು. ಅಲ್ಲೇ ಉಳಿದು, ಬೆಳಗಿನಿಂದ ರಾತ್ರಿಯವರೆಗೆ ನಾಟಕವೇ. ಹಳ್ಳಿಯಲ್ಲಿ ಗಮನ ಬೇರೆಡೆ ಹೋಗಲು ಜಾಗವೂ ಇಲ್ಲ.

ಅಲ್ಲಿ ನನಗೆ ಸಿಕ್ಕಿದ್ದು ಮಾತು. ತಾಲೀಮಿನಲ್ಲಿ ಮೊದಲು ಕೇಳಿಸಿಕೊಂಡ ತಿದ್ದುಪಡಿ, "ಅರ್ಥ ಹೇಳ್ಬೇಡಮ್ಮ, ಮಾತಾಡು." ಯಕ್ಷಗಾನದ ಅರ್ಥಗಾರಿಕೆಯ, ಅಂದರೆ ಪದ್ಯಕ್ಕೆ ಮಾತು ಕಟ್ಟಿ ಹೇಳುವ ಅಭ್ಯಾಸ ಇದ್ದವರಿಗೆ ದನಿ ತಾನಾಗಿ ಮೇಲೇರುತ್ತದೆ, ವಾಕ್ಯದ ಕೊನೆ ಉದ್ದವಾಗುತ್ತದೆ. ಅದನ್ನು ಬಿಡಿಸಲು ಒಂದು ಅಭ್ಯಾಸ ಮಾಡಿಸಿದರು. "ಮಳೆ ಬಂತು" ಅನ್ನುವ ಎರಡೇ ಪದ. ಅಂಗಳದಲ್ಲಿ ಅಡಿಕೆ ಒಣಹಾಕಿದ ಮನೆಯಾಕೆಯಾಗಿ ಹೇಳಬೇಕು. ಬಾವಿ ಬತ್ತಿದ ಊರಿನ ಮುದುಕಿಯಾಗಿ ಹೇಳಬೇಕು. ನೋಡಲು ಬಂದ ಗಂಡಿನ ಕಡೆಯವರು ಏಳದ ಹಾಗೆ ಆಗಲಿ ಅಂತ ಕಾಯುತ್ತಿರುವ ಅಮ್ಮನಾಗಿ ಹೇಳಬೇಕು. ಪದ ಅದೇ. ಉಸಿರು ಎಲ್ಲಿ ನಿಲ್ಲುತ್ತದೆ ಅನ್ನುವುದು ಮಾತ್ರ ಬೇರೆ. ಮಲಯಾಳದಲ್ಲಿ ನನಗೆ ಇದು ಆಗುತ್ತಿರಲಿಲ್ಲ. ಕನ್ನಡದಲ್ಲಿ ಆಯಿತು. ತಲೆ ಅಡ್ಡ ಬರಲಿಲ್ಲ.

ಇನ್ನೊಂದು ವಿಷಯ ಗಡಿನಾಡಿನವರಿಗೆ ಮುಖ್ಯ. ನಮ್ಮ ಕನ್ನಡ ಶುದ್ಧ, ಆದರೆ ಸ್ವಲ್ಪ ಪುಸ್ತಕದ್ದು. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಆಡಿ, ಶಾಲೆಯಲ್ಲಿ ಕಲಿತ ಕನ್ನಡ ಅದು. ಹೆಗ್ಗೋಡಿನಲ್ಲಿ ರಾಯಚೂರು, ಬಾಗಲಕೋಟೆ, ಚಾಮರಾಜನಗರದ ಗೆಳೆಯರ ಜೊತೆ ಒಂದೇ ಬೆಂಚಿನಲ್ಲಿ ಕೂತು ಉಂಡಾಗ ಕನ್ನಡಕ್ಕೆ ಎಷ್ಟು ದನಿಗಳಿವೆ ಅಂತ ಕಿವಿಗೆ ಬಿತ್ತು. ಅವರಿಗೂ ನಮ್ಮ ಕನ್ನಡ ಹೊಸದು. "ನಿಮ್ಮೂರು ಕೇರಳದಾಗ ಐತಿ, ಕನ್ನಡ ಹೆಂಗ ಬರತೈತಿ?" ಅಂತ ಕೇಳಿದವರಿಗೆ, 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ಕಾಸರಗೋಡು ಕೇರಳಕ್ಕೆ ಸೇರಿದ ಕಥೆ ಹೇಳಿದ್ದೇನೆ. ಕೊನೆಗೆ ನಾಟಕದಲ್ಲಿ ನನಗೆ ಸಿಕ್ಕ ಪಾತ್ರಕ್ಕೆ ನಮ್ಮೂರಿನ ಧಾಟಿಯನ್ನೇ ಇಟ್ಟುಕೊಂಡೆ. ಪ್ರೇಕ್ಷಕರು ಮೆಚ್ಚಿದರು.

ತಾಂತ್ರಿಕ ಕೆಲಸ ಹೆಗ್ಗೋಡಿನಲ್ಲೂ ಇದೆ, ರೀತಿ ಬೇರೆ. ಇಂದು ರಾಜನ ಪಾತ್ರ ಮಾಡಿದವರು ನಾಳೆ ಹಲಗೆ ಹೊರುತ್ತಾರೆ, ಬಟ್ಟೆಗೆ ಗುಂಡಿ ಹೊಲಿಯುತ್ತಾರೆ. ತಿರುಗಾಟದ ನಾಟಕ ಊರಿಂದೂರಿಗೆ ಹೋಗಬೇಕು. ಸೆಟ್ಟು ವಾಹನದಲ್ಲಿ ಹಿಡಿಯಬೇಕು, ಸಭಾಭವನವಾಗಲಿ ಶಾಲೆಯ ಮೈದಾನವಾಗಲಿ, ಸಿಕ್ಕಲ್ಲಿ ಸಂಜೆಯೊಳಗೆ ನಿಲ್ಲಬೇಕು. ಆ ಲೆಕ್ಕಾಚಾರ ಅಲ್ಲಿನ ಗಾಳಿಯಲ್ಲೇ ಇದೆ. ಊರಿಗೆ ಬಂದು ನಾಟಕ ಮಾಡಿಸುವವರಿಗೆ ಇದು ತುಂಬ ಉಪಯೋಗ, ಯಾಕೆಂದರೆ ನಮ್ಮ ಶಾಲೆಗಳ ವೇದಿಕೆಯಲ್ಲಿ ಹತ್ತು ದೀಪ ಸಿಕ್ಕಿದರೆ ಅದೇ ಹೆಚ್ಚು. ಆದರೆ ನೆಲನಕ್ಷೆಯಿಂದ ಕ್ಯೂ ಶೀಟ್‌ವರೆಗೆ ಬಿಡಿಸಿ ಬಿಡಿಸಿ ಕಲಿಯಲು ಹತ್ತು ತಿಂಗಳು ಸಾಕಾಗುವುದಿಲ್ಲ. ಅದಕ್ಕೆ ವರ್ಷಗಳು ಬೇಕು.

ಅಪ್ಪ ಅಮ್ಮಂದಿರು ಕೇಳುವುದು ಒಂದೇ, ಮುಂದೇನು? ತ್ರಿಶೂರಿನದು ವಿಶ್ವವಿದ್ಯಾಲಯದ ಪದವಿ. ಅದರ ಮೇಲೆ ಅಲ್ಲೇ ಸ್ನಾತಕೋತ್ತರ ಪದವಿ ಮಾಡಬಹುದು. ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ನಾಟಕವೂ ಒಂದು ವಿಷಯ. ಅಂದರೆ ಅಧ್ಯಾಪಕರಾಗುವ ದಾರಿ ತೆರೆದಿದೆ. ಹೆಗ್ಗೋಡಿನದು ಡಿಪ್ಲೊಮಾ, ಪದವಿ ಅಲ್ಲ. ಅರ್ಜಿ ಫಾರ್ಮಿನಲ್ಲಿ ಪದವಿ ಕೇಳುವ ಕೆಲಸಗಳಿಗೆ ಅದೊಂದೇ ನಡೆಯುವುದಿಲ್ಲ. ಕನ್ನಡ ರಂಗಭೂಮಿಯಲ್ಲಿ ಮಾತ್ರ ಆ ಹೆಸರು ಹೇಳಿದರೆ ಬಾಗಿಲು ತೆರೆಯುತ್ತದೆ. ಹಾಗಾಗಿ ಹೆಗ್ಗೋಡಿಗೆ ಹೋಗುವ ಮಕ್ಕಳಿಗೆ ನಾನು ಹೇಳುವುದು, ಮೊದಲು ಕಾಸರಗೋಡಿನ ಸರಕಾರಿ ಕಾಲೇಜಿನಲ್ಲೋ ಇನ್ನೆಲ್ಲೋ ಒಂದು ಬಿಎ ಮುಗಿಸಿ. ಕನ್ನಡ ಬಿಎ ಆದರೆ ಇನ್ನೂ ಒಳ್ಳೆಯದು, ಪಂಪನೂ ವಚನವೂ ಬಾಯಲ್ಲಿರುತ್ತದೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಬಗ್ಗೆಯೂ ಕೇಳುತ್ತಾರೆ. ಅಲ್ಲಿ ನಾನು ಓದಿಲ್ಲ, ಹಾಗಾಗಿ ಹೋಲಿಸುವುದಿಲ್ಲ. ಅದಕ್ಕೂ ಪದವಿ ಬೇಕು, ನಾಟಕದ ಅನುಭವ ಬೇಕು ಅನ್ನುವುದಷ್ಟೇ ನೆನಪಿರಲಿ.

ಅರ್ಜಿ ಹಾಕುವ ಮುಂಚೆ ಎರಡೂ ಕಡೆ ಒಮ್ಮೆ ಹೋಗಿ ಬನ್ನಿ. ತ್ರಿಶೂರಿನ ನಾಟಕೋತ್ಸವದ ಹೊತ್ತಿಗೆ ಹೋದರೆ ಶಾಲೆಯೂ ನೋಡಿದಂತಾಯಿತು, ನಾಟಕವೂ ನೋಡಿದಂತಾಯಿತು. ಹೆಗ್ಗೋಡಿಗೆ ಅಕ್ಟೋಬರಿನ ಸಂಸ್ಕೃತಿ ಶಿಬಿರದ ಸಮಯದಲ್ಲಿ ಹೋಗಿ. ಅಲ್ಲಿ ಓದುತ್ತಿರುವ ಮಕ್ಕಳನ್ನು ಮಾತಾಡಿಸಿ. ನಾಟಕ ಮುಗಿದ ಮೇಲೆ ಹಿಂದಕ್ಕೆ ಹೋಗಿ ಸೆಟ್ಟು ಬಿಚ್ಚುವವರ ಜೊತೆ ಒಂದು ಕೈ ಹಾಕಿ. ನಿಮಗೆ ಆ ಹೊತ್ತಿನಲ್ಲಿ ವೇಷ ತೆಗೆಯುವವರ ಕೋಣೆಯ ಕಡೆ ಕಣ್ಣು ಹೋಗುತ್ತದೋ, ದೀಪ ಇಳಿಸುವವರ ಏಣಿಯ ಕಡೆ ಹೋಗುತ್ತದೋ ನೋಡಿಕೊಳ್ಳಿ. ಆಮೇಲೆ ನನಗೆ ಫೋನ್ ಮಾಡಿ.