ಟ್ಯಾಗ್‌ಗೆ ಯಾವ ಕಾಗದ? ಮೂರರಲ್ಲೂ ಮಾಡಿ ನೋಡಿದೆ

ನಾವು ಆರು ಜನ ಗೆಳತಿಯರು ಕೈಯಲ್ಲಿ ಮಾಡಿದ ಟ್ಯಾಗ್‌ಗಳನ್ನು ಅಂಚೆಯಲ್ಲಿ ಅದಲುಬದಲು ಮಾಡಿಕೊಳ್ಳುತ್ತೇವೆ. ಉದ್ದ 12 ಸೆಂ.ಮೀ., ಅಗಲ 6 ಸೆಂ.ಮೀ. ಮೇಲಿನ ಎರಡು ಮೂಲೆ ಕತ್ತರಿಸಿ, ತೂತು ಹಾಕಿ, ದಾರ ಕಟ್ಟಿದರೆ ಟ್ಯಾಗ್ ಆಯಿತು. ಅದರ ಮೇಲೆ ಬಣ್ಣ, ಬಟ್ಟೆ ಚೂರು, ಜರಿ, ಹಳೇ ಪಂಚಾಂಗದ ಹಾಳೆ, ಏನನ್ನು ಬೇಕಾದರೂ ಸೇರಿಸಬಹುದು. ಈ ಸಲ ಒಂದೇ ವಿನ್ಯಾಸವನ್ನು ಮೂರು ಕಾಗದದಲ್ಲಿ ಮಾಡಿದೆ: ಅಕ್ರಿಲಿಕ್ ಬಣ್ಣ, ಪಂಚಾಂಗದ ಚೂರು, ಇಳಕಲ್ ಸೀರೆಯ ಅಂಚು, ಸ್ವಲ್ಪ ಕಸೂತಿ.

ಮೊದಲು 300 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್‌ಗೆ 300 ಗ್ರಾಂ ತೂಗುವ ಜಲವರ್ಣದ ಕಾಗದ. ಇದೇ ಗೆಲ್ಲುತ್ತದೆ ಎಂದುಕೊಂಡಿದ್ದೆ. ನೀರು ಎಷ್ಟು ಹಾಕಿದರೂ ತಡೆಯುತ್ತದೆ, ಬಣ್ಣದ ಮೇಲೆ ಬಣ್ಣ ಚೆನ್ನಾಗಿ ಕೂರುತ್ತದೆ. ಒಂದೇ ಕಡೆ ಒದ್ದೆಯಾದರೆ ಬಾಗುತ್ತದೆ, ಅಷ್ಟೇ. ಹಿಂಬದಿಗೂ ನೀರು ಸವರಿ, ದಪ್ಪ ಪುಸ್ತಕದ ಕೆಳಗೆ ರಾತ್ರಿಯಿಡೀ ಇಟ್ಟರೆ ಸರಿಹೋಗುತ್ತದೆ. ಆದರೆ ಮೇಲ್ಮೈ ತರಿತರಿ ಇರುವುದರಿಂದ ರಬ್ಬರ್ ಸ್ಟ್ಯಾಂಪ್ ಒತ್ತಿದರೆ ಅಲ್ಲಲ್ಲಿ ಖಾಲಿ ಬಿಡುತ್ತದೆ. ಬೆಲೆಯೂ ಜಾಸ್ತಿ.

ಎರಡನೆಯದು ಹತ್ತಿ ಬಟ್ಟೆಯ ಚೂರಿನಿಂದ ಮಾಡಿದ ಹ್ಯಾಂಡ್‌ಮೇಡ್ ಕಾಗದ. ಕೈಗೆ ಎಷ್ಟು ಹಿತ ಅಂದರೆ, ಕತ್ತರಿ ಹಾಕಲು ಮನಸ್ಸೇ ಬರಲಿಲ್ಲ. ಒದ್ದೆ ಬ್ರಷ್‌ನಿಂದ ಗೆರೆ ಎಳೆದು ಹರಿದರೆ ಅಂಚಿನಲ್ಲಿ ನಾರು ನಾರಾಗಿ ಬಿಡುತ್ತದೆ, ಅದೇ ಚೆಂದ. ನಾನು ತಂದ ಹಾಳೆ ಬಣ್ಣವನ್ನು ಮಾತ್ರ ಕುಡಿದುಬಿಟ್ಟಿತು. ಕೆಂಪು ಮಂಕಾಯಿತು, ಪೆನ್ನಿನ ಶಾಯಿ ಹರಡಿತು. ಆದರೆ ಸೂಜಿಗೆ ಇದರಷ್ಟು ಒಗ್ಗುವ ಕಾಗದ ಇನ್ನೊಂದಿಲ್ಲ. ಕಸೂತಿಯ ಗವಂತಿ ಹೊಲಿಗೆ ಹಾಕಿದೆ. ಅದು ಎರಡೂ ಬದಿ ಒಂದೇ ಥರ ಕಾಣುತ್ತದೆ, ಹಾಗಾಗಿ ಹಿಂದೆ ಗಂಟು ಮುಚ್ಚಲು ಇನ್ನೊಂದು ಹಾಳೆ ಅಂಟಿಸಬೇಕಿಲ್ಲ. ತೂತುಗಳು ತೀರಾ ಹತ್ತಿರ ಬಂದರೆ ಹರಿಯುತ್ತದೆ. ಬಟ್ಟೆಯಲ್ಲಿ ಹಾಕುವಷ್ಟು ಸಣ್ಣ ಹೊಲಿಗೆ ಬೇಡ.

ಮೂರನೆಯದು ಹಳೇ ಲಗ್ನಪತ್ರಿಕೆ. ನಮ್ಮ ಮನೆಯಲ್ಲಿ ಒಂದು ಡಬ್ಬ ತುಂಬ ಇವೆ. ಗಣಪತಿ ಚಿತ್ರ, ಮೂಲೆಯಲ್ಲಿ ಅರಿಶಿನ, ಹೇಗೆ ಕಸಕ್ಕೆ ಹಾಕುವುದು ಅಲ್ವಾ? ದೇವರ ಚಿತ್ರಕ್ಕೆ ಕತ್ತರಿ ತಾಗಿಸದೆ, ಉಳಿದ ಭಾಗದಲ್ಲಿ ಟ್ಯಾಗ್ ಕತ್ತರಿಸಿದೆ. ಹೆಸರು, ವಿಳಾಸ, ಫೋನ್ ನಂಬರ್ ಇರುವ ಜಾಗವನ್ನೂ ಬಿಟ್ಟೆ. ಮೊದಲ ಟ್ಯಾಗ್ ಹಾಳಾಯಿತು. ನುಣುಪಿನ ಮೇಲೆ ಬಣ್ಣ ನಿಲ್ಲದೆ ಉಗುರು ತಾಗಿದರೆ ಸಿಪ್ಪೆಯಂತೆ ಎದ್ದು ಬಂತು. ಎರಡನೆಯದಕ್ಕೆ ಉಪ್ಪುಕಾಗದ ತಿಕ್ಕಿ, ಜೆಸ್ಸೊ (ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಲೇಪ) ಬಳಿದು ಒಣಗಿಸಿದೆ. ಆಮೇಲೆ ಬಣ್ಣ ಗಟ್ಟಿಯಾಗಿ ಹಿಡಿಯಿತು. ಜೆಸ್ಸೊವನ್ನು ಒಂದು ಕಡೆ ತೆಳುವಾಗಿ ಬಿಟ್ಟಿದ್ದೆ. ಅಲ್ಲಿ 'ಶುಭ' ಎಂಬ ಬಂಗಾರದ ಅಕ್ಷರ ಇಣುಕುತ್ತದೆ. ನಾನು ಬರೆದಿದ್ದರೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಹೊಲಿಯಲು ಮಾತ್ರ ಕಷ್ಟ, ಗುಂಡುಪಿನ್ನಿನಲ್ಲಿ ಮೊದಲೇ ತೂತು ಹಾಕಿಕೊಳ್ಳಬೇಕು.

ಮೇಜಿನ ಮೇಲೆ ಇಟ್ಟು ನೋಡಿದಾಗ ಜಲವರ್ಣದ್ದೇ ಮುಂದಿತ್ತು. ಆದರೆ ಇವು ಅಂಚೆಯಲ್ಲಿ ಹೋಗಬೇಕಾದ ಟ್ಯಾಗ್‌ಗಳು. ಮೂರನ್ನೂ ಒಂದೇ ಲಕೋಟೆಯಲ್ಲಿಟ್ಟು ಶಿವಮೊಗ್ಗದಿಂದ ಧಾರವಾಡದ ಗೆಳತಿಗೆ ಕಳಿಸಿದೆ. ಜಲವರ್ಣದ ಕಾಗದ ಚದರ ಮೀಟರ್‌ಗೆ 300 ಗ್ರಾಂ ಇದ್ದರೂ, ಲೆಕ್ಕ ಹಾಕಿದರೆ ನಮ್ಮ ಅಳತೆಯ ಒಂದು ಟ್ಯಾಗ್‌ಗೆ 2 ಗ್ರಾಂ ಚಿಲ್ಲರೆ ಮಾತ್ರ. ಮೂರು ಟ್ಯಾಗ್, ಸೀರೆಯ ಅಂಚು, ದಾರ, ಲಕೋಟೆ ಎಲ್ಲ ಸೇರಿ ಅಡುಗೆಮನೆಯ ತಕ್ಕಡಿಯಲ್ಲಿ 14 ಗ್ರಾಂ ಬಂತು. 20 ಗ್ರಾಂ ಒಳಗಿದ್ದರೆ 5 ರೂಪಾಯಿ ಸ್ಟ್ಯಾಂಪ್ ಸಾಕು. ಗುಂಡಿ, ಮಣಿ ಹಾಕಲಿಲ್ಲ. ಹಿಂದೊಮ್ಮೆ ಗುಂಡಿ ಅಂಟಿಸಿ ಕಳಿಸಿದ್ದೆ, ಲಕೋಟೆ ಹರಿದು ತಲುಪಿತ್ತು.

ನಾಲ್ಕನೇ ದಿನ ಗೆಳತಿ ಫೋಟೊ ಹಾಕಿದಳು. ಜಲವರ್ಣದ ಟ್ಯಾಗ್‌ನ ಮೂಲೆ ಮಡಚಿತ್ತು. ಹ್ಯಾಂಡ್‌ಮೇಡ್ ಟ್ಯಾಗ್ ಮಳೆಯ ತೇವಕ್ಕೆ ಮೆತ್ತಗಾಗಿತ್ತು, ಆದರೆ ಹೊಲಿಗೆ ಒಂದೂ ಕಿತ್ತಿರಲಿಲ್ಲ. ಲಗ್ನಪತ್ರಿಕೆಯದು ಕಳಿಸಿದ ಹಾಗೇ ನೆಟ್ಟಗಿತ್ತು. ಅವಳು ಬೀರುವಿನ ಹಿಡಿಕೆಗೆ ಕಟ್ಟಿಕೊಂಡಿದ್ದು ಅದನ್ನೇ.

ಮುಂದಿನ ಸಲ ಉಳಿದ ಐವರಿಗೆ ಕಳಿಸುವ ಐದೂ ಟ್ಯಾಗ್ ಲಗ್ನಪತ್ರಿಕೆಯಲ್ಲೇ ಮಾಡುತ್ತೇನೆ. ಕಸೂತಿಯನ್ನು ಹ್ಯಾಂಡ್‌ಮೇಡ್ ಚೂರಿನ ಮೇಲೆ ಹಾಕಿ, ಅದನ್ನು ಪತ್ರಿಕೆಗೆ ಅಂಟಿಸುವ ಯೋಚನೆ ಇದೆ. ಪಕ್ಕದ ಮನೆಯ ಅಜ್ಜಿ ಆಗಲೇ ಹದಿನೆಂಟು ಪತ್ರಿಕೆ ತಂದುಕೊಟ್ಟಿದ್ದಾರೆ.